ಗಿನಿಪಿಗ್‌ಗಳ ಪರಿಚಯ ಮತ್ತು ಒಗ್ಗೂಡಿಕೆ

ಗಿನಿಪಿಗ್‌ಗಳ ಪರಿಚಯ ಮತ್ತು ಒಗ್ಗೂಡಿಕೆ ಎಂದರೆ ಈಗಾಗಲೇ ಸಾಕಿರುವ ಒಂದು ಗಿನಿಪಿಗ್‌ನ ಜೊತೆಗೆ ಹೊಸದಾಗಿ ತಂದ ಇನ್ನೊಂದು ಗಿನಿಪಿಗ್ಅನ್ನು ಕ್ರಮಬದ್ಧವಾಗಿ ಸೇರಿಸಿ, ಅವೆರಡೂ ಒಂದೇ ಗೂಡಿನಲ್ಲಿ ಹೊಂದಿಕೊಂಡು ಬಾಳುವಂತೆ ಮಾಡುವ ಪ್ರಕ್ರಿಯೆಯಾಗಿದೆ. ಗಿನಿಯಿಲಿ, ಗಿನಿಹಂದಿ ಎಂಬ ಹೆಸರುಗಳಿಂದಲೂ ಕರೆಯಲ್ಪಡುವ ಈ ದಂಶಕವು (ಕೇವಿಯ ಪೋರ್ಸೆಲಸ್) ಗುಂಪಿನಲ್ಲಿ ಬದುಕುವ ಪ್ರಾಣಿ. ಆದುದರಿಂದ ಅದನ್ನು ಒಂಟಿಯಾಗಿ ಸಾಕುವುದು ಅದರ ಸ್ವಭಾವಕ್ಕೆ ವಿರುದ್ಧವೆಂದು ಪರಿಗಣಿಸಲಾಗಿದೆ. ಆದರೆ ಪರಸ್ಪರ ಅಪರಿಚಿತವಾದ ಎರಡು ಗಿನಿಪಿಗ್‌ಗಳನ್ನು ಏಕಾಏಕಿ ಒಂದೇ ಗೂಡಿನಲ್ಲಿ ಬಿಟ್ಟರೆ ಅವು ತೀವ್ರವಾಗಿ ಕಾದಾಡಿ ಗಾಯಗೊಳ್ಳುವ ಸಾಧ್ಯತೆಯಿರುತ್ತದೆ. ಈ ಕಾರಣದಿಂದ ಜೋಡಿಯ ಆಯ್ಕೆ, ಪ್ರತ್ಯೇಕವಾಸ, ತಟಸ್ಥ ಸ್ಥಳದಲ್ಲಿ ಮೊದಲ ಭೇಟಿ ಹಾಗೂ ವರ್ತನೆಯ ನಿಗಾ ಎಂಬ ಹಂತಗಳನ್ನು ಅನುಸರಿಸಲಾಗುತ್ತದೆ.

ಈ ಪ್ರಕ್ರಿಯೆಯ ಅಗತ್ಯವು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ ಉಂಟಾಗುತ್ತದೆ: ಮೊದಲು ಒಂಟಿಯಾಗಿ ಕೊಂಡುತಂದ ಪ್ರಾಣಿಗೆ ಸಂಗಾತಿಯನ್ನು ಒದಗಿಸುವಾಗ ಮತ್ತು ಜೋಡಿಯಲ್ಲಿ ಒಂದು ಸತ್ತು ಇನ್ನೊಂದು ಉಳಿದಾಗ. ಗಿನಿಪಿಗ್‌ನ ಸಾಮಾನ್ಯ ಆಯುಷ್ಯವು 5ರಿಂದ 8 ವರ್ಷಗಳಷ್ಟಿದ್ದು, ಎರಡು ಪ್ರಾಣಿಗಳು ಒಂದೇ ಕಾಲಕ್ಕೆ ಸಾಯುವುದು ವಿರಳ. ಹಾಗಾಗಿ ಜೋಡಿಯಾಗಿ ಸಾಕುವ ಬಹುತೇಕ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ.

## ಹಿನ್ನೆಲೆ

ಹೆಸರಿನಲ್ಲಿ ಹಂದಿ ಇದ್ದರೂ ಗಿನಿಪಿಗ್ ಹಂದಿಯ ಜಾತಿಗೆ ಸೇರಿದ್ದಲ್ಲ. ಆಫ್ರಿಕಾದ ಗಿನಿ ದೇಶದಿಂದ ಬಂದದ್ದೂ ಅಲ್ಲ. ಇದರ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರದೇಶ. ಇಂದಿನ ಪೆರು, ಬೊಲಿವಿಯ, ಈಕ್ವೆಡಾರ್ ಮತ್ತು ಕೊಲಂಬಿಯ ದೇಶಗಳ ಎತ್ತರದ ಪ್ರದೇಶಗಳ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಪಳಗಿಸಿದರು. ಅಲ್ಲಿ ಇದನ್ನು 'ಕುಯ್' ಎಂದು ಕರೆಯುತ್ತಾರೆ. 16ನೆಯ ಶತಮಾನದಲ್ಲಿ ಇದು ಯುರೋಪನ್ನು ತಲುಪಿ ಮುದ್ದಿನ ಪ್ರಾಣಿಯಾಯಿತು. 1758ರಲ್ಲಿ ಕಾರ್ಲ್ ಲಿನೇಯಸ್ ಇದಕ್ಕೆ ವೈಜ್ಞಾನಿಕ ನಾಮಕರಣ ಮಾಡಿದನು. ಅನಂತರದ ಕಾಲದಲ್ಲಿ ಪ್ರಯೋಗಾಲಯಗಳಲ್ಲಿ ಇದರ ಬಳಕೆ ಎಷ್ಟು ವ್ಯಾಪಕವಾಯಿತೆಂದರೆ, 'ಗಿನಿಪಿಗ್' ಎಂಬ ಪದವು ಕನ್ನಡದ ಪತ್ರಿಕಾಭಾಷೆಯಲ್ಲಿಯೂ 'ಪ್ರಯೋಗಪಶು' ಎಂಬ ಅರ್ಥದಲ್ಲಿ ಬಳಕೆಗೆ ಬಂದಿದೆ.

ಗಿನಿಪಿಗ್‌ನ ಹತ್ತಿರದ ಕಾಡುಸಂಬಂಧಿಗಳಾದ ಕೇವಿಗಳು ದಕ್ಷಿಣ ಅಮೆರಿಕದ ಹುಲ್ಲುಗಾವಲುಗಳಲ್ಲಿ ವಾಸಿಸುತ್ತವೆ. ಅವುಗಳಲ್ಲಿ ಕೇವಿಯ ಅಪೇರಿಯ ಎಂಬ ಪ್ರಭೇದವು ಸಾಮಾನ್ಯವಾಗಿ ಒಂದು ಗಂಡು ಮತ್ತು ಒಂದು ಅಥವಾ ಕೆಲವು ಹೆಣ್ಣುಗಳ ಸಣ್ಣ ಗುಂಪುಗಳಲ್ಲಿ ಇರುತ್ತದೆ. ಬೇಟೆಗಾರ ಹಕ್ಕಿ ಮತ್ತು ಪ್ರಾಣಿಗಳಿಗೆ ಸುಲಭವಾಗಿ ಬಲಿಯಾಗುವ ಇಂತಹ ಜೀವಿಗಳಿಗೆ ಗುಂಪೇ ರಕ್ಷಣೆ: ಒಂದು ಕೂಗಿದರೆ ಎಲ್ಲವೂ ಅಡಗುತ್ತವೆ. ಒಂಟಿಯಾಗಿರುವ ಗಿನಿಪಿಗ್ ಸಣ್ಣ ಸದ್ದಿಗೂ ಬೆಚ್ಚಿ ಬಹುಕಾಲ ಅವಿತುಕೊಂಡೇ ಇರುವುದಕ್ಕೆ ಈ ಹಿನ್ನೆಲೆಯೇ ಕಾರಣ.

## ಸಾಮಾಜಿಕ ಸ್ವಭಾವ

ಗಿನಿಪಿಗ್‌ಗಳ ಸಾಮಾಜಿಕ ಜೀವನದ ಬಗ್ಗೆ ಜರ್ಮನಿಯ ವರ್ತನಾವಿಜ್ಞಾನಿ ನಾರ್ಬರ್ಟ್ ಸಾಕ್ಸರ್ ಮತ್ತು ಅವರ ಸಹೋದ್ಯೋಗಿಗಳು ದೀರ್ಘಕಾಲ ಅಧ್ಯಯನ ನಡೆಸಿದ್ದಾರೆ. ಈ ಅಧ್ಯಯನಗಳಲ್ಲಿ ಕಂಡುಬಂದ ಮೂರು ಅಂಶಗಳು ಒಗ್ಗೂಡಿಕೆಯ ವಿಷಯದಲ್ಲಿ ಮುಖ್ಯವಾಗಿವೆ.

ಮೊದಲನೆಯದು, ಪಳಗುವಿಕೆಯಿಂದ ಉಂಟಾದ ಬದಲಾವಣೆ. ಕಾಡು ಕೇವಿಗಳಿಗೆ ಹೋಲಿಸಿದರೆ ಸಾಕು ಗಿನಿಪಿಗ್‌ಗಳು ಕಡಿಮೆ ಆಕ್ರಮಣಶೀಲವಾಗಿದ್ದು, ಪರಸ್ಪರ ಸ್ನೇಹದ ವರ್ತನೆಯನ್ನು ಹೆಚ್ಚಾಗಿ ತೋರುತ್ತವೆ. ಕಿಕ್ಕಿರಿದ ಗುಂಪಿನಲ್ಲಿಯೂ ಅವು ಹೊಂದಿಕೊಳ್ಳಬಲ್ಲವು.

ಎರಡನೆಯದು, ಸಂಗಾತಿಯಿಂದ ದೊರೆಯುವ ನೆಮ್ಮದಿ. ಗಂಡು ಗಿನಿಪಿಗ್ಅನ್ನು ಹೊಸ ಸ್ಥಳದಲ್ಲಿ ಒಂಟಿಯಾಗಿ ಬಿಟ್ಟಾಗ ಅದರ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಪ್ರಮಾಣ ಏರುತ್ತದೆ. ಅದಕ್ಕೆ ನಿಕಟ ಬಾಂಧವ್ಯವಿರುವ ಹೆಣ್ಣು ಜೊತೆಗಿದ್ದರೆ ಈ ಏರಿಕೆ ಗಮನಾರ್ಹವಾಗಿ ತಗ್ಗುತ್ತದೆ; ಅಪರಿಚಿತ ಹೆಣ್ಣು ಜೊತೆಗಿದ್ದರೆ ಅಂತಹ ಪ್ರಯೋಜನವಾಗುವುದಿಲ್ಲ. ಅಂದರೆ ಗೂಡಿನಲ್ಲಿ ಇನ್ನೊಂದು ಪ್ರಾಣಿ ಇರುವುದಷ್ಟೇ ಸಾಲದು, ಅವುಗಳ ನಡುವೆ ಬಾಂಧವ್ಯ ಬೆಳೆದಿರಬೇಕು.

ಮೂರನೆಯದು, ಎಳವೆಯ ಕಲಿಕೆ. ಹಿರಿಯ ಗಂಡುಗಳೂ ಹೆಣ್ಣುಗಳೂ ಇರುವ ದೊಡ್ಡ ಗುಂಪಿನಲ್ಲಿ ಬೆಳೆದ ಗಂಡುಗಳು ಮುಂದೆ ಅಪರಿಚಿತ ಗಂಡಿನೊಡನೆ ಹೆಚ್ಚು ಕಾದಾಟವಿಲ್ಲದೆ ಹೊಂದಿಕೊಳ್ಳುತ್ತವೆ. ಒಂಟಿಯಾಗಿ ಅಥವಾ ಕೇವಲ ಒಂದು ಹೆಣ್ಣಿನೊಡನೆ ಬೆಳೆದ ಗಂಡುಗಳಲ್ಲಿ ಜಗಳವೂ ಒತ್ತಡವೂ ಹೆಚ್ಚು. ಮೇಲುಕೀಳಿನ ಸಂಕೇತಗಳನ್ನು ಯಾವಾಗ ತೋರಬೇಕು, ಯಾವಾಗ ತಗ್ಗಬೇಕು ಎಂಬುದನ್ನು ಮರಿಗಳು ಹಿರಿಯ ಪ್ರಾಣಿಗಳಿಂದ ಕಲಿಯುತ್ತವೆ. ಅಂಗಡಿಯಲ್ಲಿ ಎಳೆಯದಾಗಿ ಒಂಟಿಯಾಗಿ ಮಾರಾಟವಾಗಿ, ವರ್ಷಗಟ್ಟಲೆ ತನ್ನವರನ್ನು ಕಾಣದ ಪ್ರಾಣಿಗೆ ಈ ಕಲಿಕೆ ತಪ್ಪಿಹೋಗಿರುತ್ತದೆ. ಅಂತಹ ಪ್ರಾಣಿಯ ಒಗ್ಗೂಡಿಕೆಗೆ ಹೆಚ್ಚು ತಾಳ್ಮೆ ಅಗತ್ಯ.

## ಕಾನೂನು

ಸ್ವಿಟ್ಜರ್ಲೆಂಡ್‌ನಲ್ಲಿ 2008ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಪ್ರಾಣಿ ಸಂರಕ್ಷಣಾ ನಿಯಮಾವಳಿಯ ಪ್ರಕಾರ ಗಿನಿಪಿಗ್‌ಗಳನ್ನು ಕನಿಷ್ಠ ಎರಡರ ಗುಂಪಿನಲ್ಲಿ ಸಾಕುವುದು ಕಡ್ಡಾಯ. ಈ ನಿಯಮದಿಂದ ಒಂದು ವಿಶಿಷ್ಟ ಸಮಸ್ಯೆ ತಲೆದೋರಿತು. ಜೋಡಿಯಲ್ಲಿ ಒಂದು ಸತ್ತಾಗ ಉಳಿದದ್ದಕ್ಕೆ ಹೊಸ ಸಂಗಾತಿಯನ್ನು ತರಬೇಕು. ಹಳೆಯದು ಸತ್ತಾಗ ಹೊಸದು ಒಂಟಿಯಾಗುತ್ತದೆ. ಅದಕ್ಕೆ ಮತ್ತೊಂದನ್ನು ತರಬೇಕು. ಗಿನಿಪಿಗ್ ಸಾಕಣೆಯನ್ನು ನಿಲ್ಲಿಸಬೇಕೆಂದಿರುವವರಿಗೂ ಈ ಸರಪಳಿಯಿಂದ ಹೊರಬರುವುದು ಕಷ್ಟವಾಯಿತು. ಇದಕ್ಕೆ ಪರಿಹಾರವಾಗಿ ಆ ದೇಶದಲ್ಲಿ ಗಿನಿಪಿಗ್‌ಗಳನ್ನು ಬಾಡಿಗೆಗೆ ಕೊಡುವ ವ್ಯವಸ್ಥೆ ಹುಟ್ಟಿಕೊಂಡಿತು. ಉಳಿದಿರುವ ಮುದಿ ಪ್ರಾಣಿಯ ಜೀವಿತಾವಧಿಯವರೆಗೆ ಒಂದು ಸಂಗಾತಿಯನ್ನು ಪಡೆದು, ಅನಂತರ ಹಿಂದಿರುಗಿಸಲು ಇದರಲ್ಲಿ ಅವಕಾಶವಿದೆ.

## ಜೋಡಿಯ ಆಯ್ಕೆ

ಒಗ್ಗೂಡಿಕೆಯ ಯಶಸ್ಸು ಬಹುಮಟ್ಟಿಗೆ ಲಿಂಗ, ವಯಸ್ಸು ಮತ್ತು ಸ್ವಭಾವಗಳ ಹೊಂದಾಣಿಕೆಯನ್ನು ಅವಲಂಬಿಸಿದೆ.

### ಸಂತಾನಹರಣ ಮಾಡಿದ ಗಂಡು ಮತ್ತು ಹೆಣ್ಣು

ಕಾಡಿನ ಗುಂಪುರಚನೆಗೆ ಹತ್ತಿರವಾದ ಈ ಜೋಡಣೆಯು ಸಾಮಾನ್ಯವಾಗಿ ಅತ್ಯಂತ ಸುಲಭವಾದುದು. ಒಂದು ಗಂಡಿನ ಜೊತೆ ಎರಡು ಅಥವಾ ಹೆಚ್ಚು ಹೆಣ್ಣುಗಳನ್ನೂ ಇರಿಸಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರವೂ ಗಂಡಿನಲ್ಲಿ ಕೆಲವು ವಾರಗಳವರೆಗೆ ಫಲವತ್ತತೆ ಉಳಿದಿರುವುದರಿಂದ ಸುಮಾರು 6 ವಾರಗಳ ಕಾಲ ಅದನ್ನು ಹೆಣ್ಣುಗಳಿಂದ ದೂರವಿಡುವುದು ರೂಢಿ. ಜರ್ಮನ್ ಭಾಷಿಕ ದೇಶಗಳಲ್ಲಿ ಗಂಡುಮರಿಗಳಿಗೆ ಪ್ರಾಯ ಬರುವ ಮುನ್ನವೇ ಈ ಶಸ್ತ್ರಚಿಕಿತ್ಸೆ ಮಾಡಿ, ಅವು ತಾಯಿಯ ಗುಂಪಿನಲ್ಲಿಯೇ ಬೆಳೆಯುವಂತೆ ಮಾಡುವ ಪದ್ಧತಿಯೂ ಇದೆ.

### ಎರಡು ಹೆಣ್ಣುಗಳು

ಎರಡು ಹೆಣ್ಣುಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಹೆಣ್ಣುಗಳು ಸುಮಾರು 16 ದಿನಗಳಿಗೊಮ್ಮೆ ಬೆದೆಗೆ ಬರುತ್ತವೆ. ಆ ಸಮಯದಲ್ಲಿ ಒಂದು ಇನ್ನೊಂದನ್ನು ಅಟ್ಟುವುದು, ಅದರ ಮೇಲೇರುವುದು ಸಹಜ. ಒಂದೆರಡು ದಿನಗಳಲ್ಲಿ ಇದು ತಣ್ಣಗಾಗುತ್ತದೆ. ವಯಸ್ಸಾದ ಹೆಣ್ಣೊಂದು ಸತತವಾಗಿ ಹೀಗೆ ವರ್ತಿಸುತ್ತಿದ್ದು, ಅದರ ಪಕ್ಕೆಗಳ ಕೂದಲು ಎರಡೂ ಬದಿಯಲ್ಲಿ ಉದುರುತ್ತಿದ್ದರೆ ಅದು ಅಂಡಾಶಯದ ಗಂತಿಯ ಲಕ್ಷಣವಾಗಿರಬಹುದು. ಇಂತಹ ಸಂದರ್ಭದಲ್ಲಿ ಸಂಗಾತಿಯನ್ನು ಬದಲಿಸುವುದಕ್ಕಿಂತ ಪಶುವೈದ್ಯರ ತಪಾಸಣೆ ಮುಖ್ಯ.

### ಎರಡು ಗಂಡುಗಳು

ಎರಡು ಗಂಡುಗಳು ಒಟ್ಟಿಗೆ ಬಾಳಲಾರವೆಂಬ ನಂಬಿಕೆ ಪ್ರಚಲಿತವಾಗಿದ್ದರೂ ಅದು ಪೂರ್ಣ ಸತ್ಯವಲ್ಲ. ಒಟ್ಟಿಗೆ ಬೆಳೆದ ಸಹೋದರರು ಅಥವಾ ಒಂದು ವಯಸ್ಕ ಗಂಡು ಮತ್ತು ಒಂದು ಗಂಡುಮರಿ ಹಲವು ವರ್ಷಗಳ ಕಾಲ ಶಾಂತವಾಗಿ ಬಾಳಬಲ್ಲವು. ಆದರೆ ಮರಿಯು ಕೆಲವು ತಿಂಗಳುಗಳಲ್ಲಿ ಹರೆಯಕ್ಕೆ ಬಂದಾಗ ಯಜಮಾನಿಕೆಯ ಪ್ರಶ್ನೆ ಮತ್ತೆ ಏಳುತ್ತದೆ. ಗಂಡುಜೋಡಿಗೆ ವಿಶಾಲವಾದ ಸ್ಥಳ ಬೇಕು ಮತ್ತು ಅವುಗಳ ಸಮೀಪದಲ್ಲಿ ಹೆಣ್ಣುಗಳು ಇರಬಾರದು. ಹೆಣ್ಣಿನ ವಾಸನೆಯೇ ಸ್ಪರ್ಧೆಯನ್ನು ಕೆರಳಿಸಲು ಸಾಕು. ಈಗಾಗಲೇ ಹೊಂದಿಕೊಂಡ ಎರಡು ಗಂಡುಗಳ ನಡುವೆ ಮೂರನೆಯದನ್ನು ತರುವುದು ಅಪಾಯಕರ. ಸಂತಾನಹರಣದಿಂದ ಗಂಡುಗಳ ನಡುವಿನ ಜಗಳ ಖಂಡಿತವಾಗಿ ನಿಲ್ಲುತ್ತದೆ ಎನ್ನಲಾಗದು.

### ಸಂತಾನಹರಣ ಮಾಡದ ಗಂಡು ಮತ್ತು ಹೆಣ್ಣು

ಈ ಜೋಡಣೆಯು ಸಾಕುವವರಿಗೆ ಸೂಕ್ತವಲ್ಲ. ಗಂಡುಗಳು ಸುಮಾರು 3 ವಾರಗಳ ವಯಸ್ಸಿನಲ್ಲಿಯೇ ಪ್ರಾಯದ ಲಕ್ಷಣಗಳನ್ನು ತೋರತೊಡಗುತ್ತವೆ. ಹೆಣ್ಣುಗಳು 4ರಿಂದ 6 ವಾರಗಳಷ್ಟು ಎಳೆಯ ವಯಸ್ಸಿನಲ್ಲಿ ಗರ್ಭ ಧರಿಸಬಲ್ಲವು. ಗರ್ಭಾವಧಿಯು 59ರಿಂದ 72 ದಿನಗಳಾಗಿದ್ದು, ಮರಿಹಾಕಿದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗರ್ಭ ಧರಿಸಬಹುದು. ಮೊದಲ ಗರ್ಭಧಾರಣೆಯು 6–7 ತಿಂಗಳ ವಯಸ್ಸಿನ ನಂತರ ಆದರೆ ಶ್ರೋಣಿಯ ಮೂಳೆಗಳ ಸಂದು ಬಿಗಿಯಾಗಿದ್ದು ಹೆರಿಗೆಯ ಸಮಯದಲ್ಲಿ ಸಾಕಷ್ಟು ಅಗಲವಾಗದೆ, ತಾಯಿ ಮತ್ತು ಮರಿಗಳ ಪ್ರಾಣಕ್ಕೇ ಅಪಾಯವಾಗುತ್ತದೆ. ಬಹುಕಾಲ ಒಂಟಿಯಾಗಿದ್ದ ವಯಸ್ಕ ಹೆಣ್ಣಿಗೆ ಹೆಣ್ಣೆಂದು ಭಾವಿಸಿ ಗಂಡನ್ನು ತಂದಾಗ ಈ ದುರಂತ ಸಂಭವಿಸುತ್ತದೆ.

ಮಾರಾಟದ ಸಮಯದಲ್ಲಿ ಲಿಂಗವನ್ನು ತಪ್ಪಾಗಿ ಗುರುತಿಸುವುದು ಸಾಮಾನ್ಯವಾದುದರಿಂದ, ಪ್ರಾಣಿಗಳನ್ನು ಸೇರಿಸುವ ಮೊದಲು ಪಶುವೈದ್ಯರಿಂದ ಲಿಂಗವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಗಂಡುಗಳೊಡನೆ ಒಂದೇ ಗೂಡಿನಲ್ಲಿದ್ದ ಹೆಣ್ಣನ್ನು ತಂದಿದ್ದರೆ ಅದು ಈಗಾಗಲೇ ಗರ್ಭಿಣಿಯಾಗಿರುವ ಸಾಧ್ಯತೆಯನ್ನೂ ಗಮನದಲ್ಲಿಡಬೇಕು.

### ವಯಸ್ಸು ಮತ್ತು ಸ್ವಭಾವ

ವಯಸ್ಕ ಪ್ರಾಣಿಗಳು ಮರಿಗಳನ್ನು ಬೇಗನೆ ಸ್ವೀಕರಿಸುತ್ತವೆ. ಆದರೆ ಮುದಿ ಅಥವಾ ಅಸ್ವಸ್ಥ ಪ್ರಾಣಿಗೆ ಸದಾ ಕುಣಿದಾಡುವ ಮರಿಯಿಂದ ಆಯಾಸವಾಗಬಹುದು. ಅದಕ್ಕೆ ಸಮವಯಸ್ಸಿನ ಶಾಂತ ಸಂಗಾತಿ ಮೇಲು. ಎರಡೂ ಯಜಮಾನಿಕೆಯ ಸ್ವಭಾವದವಾಗಿದ್ದರೆ ಜಗಳ ಮುಂದುವರಿಯುತ್ತದೆ. ಎರಡೂ ಅತಿ ಅಂಜುಬುರುಕವಾಗಿದ್ದರೆ ಪರಸ್ಪರ ಧೈರ್ಯ ದೊರೆಯುವುದಿಲ್ಲ. ಒಂದು ಮುಂದಾಳು, ಇನ್ನೊಂದು ಹಿಂಬಾಲಕ ಎಂಬ ಜೋಡಿಯೇ ಹೆಚ್ಚು ಸ್ಥಿರವಾದುದು.

## ಪ್ರತ್ಯೇಕವಾಸ

ಹೊಸ ಪ್ರಾಣಿಯನ್ನು ತಂದ ಕೂಡಲೇ ಹಳೆಯದರ ಬಳಿ ಬಿಡದೆ, 2ರಿಂದ 3 ವಾರಗಳ ಕಾಲ ಬೇರೆ ಕೋಣೆಯಲ್ಲಿ ಇರಿಸಲಾಗುತ್ತದೆ. ಈ ಅವಧಿಯಲ್ಲಿ ಗಮನಿಸಬೇಕಾದ ಕಾಯಿಲೆಗಳು ಹೀಗಿವೆ:

* ಶ್ವಾಸಕೋಶದ ಸೋಂಕು: ಬೋರ್ಡೆಟೆಲ್ಲ ಮತ್ತು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಗಳಿಂದ ಬರುತ್ತದೆ. ಸೀನು, ಮೂಗು ಮತ್ತು ಕಣ್ಣಿನಲ್ಲಿ ಸ್ರಾವ, ಏದುಸಿರು ಇದರ ಲಕ್ಷಣಗಳು.
* ಕಜ್ಜಿ: ಟ್ರಿಕ್ಸಾಕಾರಸ್ ಎಂಬ ನುಸಿಯಿಂದ ಬರುತ್ತದೆ. ತೀವ್ರ ತುರಿಕೆಯಿಂದ ಪ್ರಾಣಿ ಸೆಟೆದುಕೊಳ್ಳುವುದೂ ಉಂಟು.
* ಹೇನು: ಕೂದಲಿನ ನಡುವೆ ಬರಿಗಣ್ಣಿಗೆ ಕಾಣಿಸುತ್ತವೆ.
* ಹುಳುಕಡ್ಡಿ: ಮುಖದ ಸುತ್ತ ಕೂದಲು ಉದುರಿ ಹೊಪ್ಪಳೆಯಾಗುತ್ತದೆ. ಇದು ಮನುಷ್ಯರಿಗೂ ಹರಡಬಲ್ಲ ಶಿಲೀಂಧ್ರರೋಗ.

ಪ್ರತ್ಯೇಕವಾಸದಲ್ಲಿ ಹಳೆಯ ಪ್ರಾಣಿಯ ಆರೈಕೆಯನ್ನು ಮೊದಲು ಮುಗಿಸಿ, ಅನಂತರ ಹೊಸದರ ಬಳಿಗೆ ಹೋಗುವುದು, ಕೈಗಳನ್ನು ಸೋಪಿನಿಂದ ತೊಳೆಯುವುದು, ಪಾತ್ರೆ ಮತ್ತು ಹಾಸುಗಳನ್ನು ಬೆರೆಸದಿರುವುದು ಸೂಕ್ತ. ಎರಡೂ ಪ್ರಾಣಿಗಳ ತೂಕವನ್ನು ಅಡುಗೆಮನೆಯ ತಕ್ಕಡಿಯಲ್ಲಿ ಅಳೆದು ಬರೆದಿಟ್ಟುಕೊಂಡರೆ ಮುಂದೆ ಹೋಲಿಕೆಗೆ ಆಧಾರವಾಗುತ್ತದೆ. ಹೊಸ ಪ್ರಾಣಿಯು ಮನೆಯ ಸದ್ದು, ವಾಸನೆ ಮತ್ತು ಆಹಾರಕ್ಕೆ ಒಗ್ಗಿಕೊಳ್ಳಲೂ ಈ ಅವಧಿ ನೆರವಾಗುತ್ತದೆ.

## ಪರಿಚಯದ ವಿಧಾನ

### ಸ್ಥಳದ ಸಿದ್ಧತೆ

ಮೊದಲ ಭೇಟಿಯು ಎರಡೂ ಪ್ರಾಣಿಗಳಿಗೆ ಹೊಸದಾದ ತಟಸ್ಥ ಸ್ಥಳದಲ್ಲಿ ನಡೆಯಬೇಕು. ಹಳೆಯ ಪ್ರಾಣಿಯ ಗೂಡಿನಲ್ಲಿಯೇ ಹೊಸದನ್ನು ಬಿಟ್ಟರೆ ಅದು ಅತಿಕ್ರಮಣವಾಗಿ ಕಾಣುತ್ತದೆ. ಕೋಣೆಯ ಒಂದು ಭಾಗಕ್ಕೆ ತಾತ್ಕಾಲಿಕ ಬೇಲಿ ಹಾಕಿ, ಜಾರದಂತೆ ಬಟ್ಟೆ ಹಾಸಿ, ನಡುವೆ ಒಣಹುಲ್ಲಿನ ದೊಡ್ಡ ರಾಶಿಯನ್ನು ಇಡಲಾಗುತ್ತದೆ. ಒಟ್ಟಿಗೆ ಮೇಯುವುದು ಗಿನಿಪಿಗ್‌ಗಳಿಗೆ ಉದ್ವೇಗವನ್ನು ತಗ್ಗಿಸುವ ಸಹಜ ಕ್ರಿಯೆಯಾಗಿದೆ. ಸೊಪ್ಪು, ಸೌತೆಕಾಯಿ, ದೊಣ್ಣೆಮೆಣಸಿನಕಾಯಿಯ ತುಂಡುಗಳನ್ನು ಒಂದೇ ಕಡೆ ಇಡದೆ ಅಲ್ಲಲ್ಲಿ ಹರಡಬೇಕು.

ಅಡಗುತಾಣಗಳನ್ನು ಇಡುವುದಾದರೆ ಪ್ರತಿಯೊಂದಕ್ಕೂ ಎರಡು ಬಾಗಿಲುಗಳಿರಬೇಕು. ಒಂದೇ ಬಾಗಿಲಿನ ಪೆಟ್ಟಿಗೆಯೊಳಗೆ ದುರ್ಬಲ ಪ್ರಾಣಿ ಸಿಕ್ಕಿಬಿದ್ದರೆ ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ರಟ್ಟಿನ ಪೆಟ್ಟಿಗೆಯ ಎರಡು ಬದಿಗಳನ್ನು ಕತ್ತರಿಸಿ ಸುರಂಗದಂತೆ ಮಾಡುವುದು ಸುಲಭವಾದ ಉಪಾಯ.

ಗಿನಿಪಿಗ್‌ಗಳಿಗೆ ಸುಮಾರು 18ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಬೇಸಿಗೆಯಲ್ಲಿ ಉಷ್ಣತೆಯು 35 ಡಿಗ್ರಿಯನ್ನು ಮೀರುವ ಕರ್ನಾಟಕದ ಒಳನಾಡಿನಂತಹ ಪ್ರದೇಶಗಳಲ್ಲಿ ಓಡಾಟ ಮತ್ತು ಉದ್ವೇಗದಿಂದ ಕೂಡಿದ ಮೊದಲ ಭೇಟಿಯನ್ನು ತಂಪಾದ ಕೋಣೆಯಲ್ಲಿ, ಬೆಳಗಿನ ಹೊತ್ತು ನಡೆಸದಿದ್ದರೆ ಶಾಖಾಘಾತದ ಅಪಾಯವಿರುತ್ತದೆ.

### ಮೊದಲ ಭೇಟಿ

ಎರಡೂ ಪ್ರಾಣಿಗಳನ್ನು ಒಂದೇ ಹೊತ್ತಿಗೆ, ಬೇಲಿಯ ಎರಡು ತುದಿಗಳಲ್ಲಿ ಬಿಡಲಾಗುತ್ತದೆ. ಅನಂತರ ಅವು ತಾವಾಗಿಯೇ ಹತ್ತಿರ ಬರಲು ಬಿಡಬೇಕು. ಕೈಯಲ್ಲಿ ಹಿಡಿದು ಮುಖಾಮುಖಿ ಮಾಡಿಸಬಾರದು. ಮೊದಲ ಭೇಟಿಯು ಕನಿಷ್ಠ ಎರಡು ಮೂರು ಗಂಟೆಗಳ ಕಾಲ, ಸಾಧ್ಯವಾದರೆ ಅರ್ಧ ದಿನ ನಡೆಯುವುದು ಒಳ್ಳೆಯದು. ಅಟ್ಟಾಟ, ಗುರುಗುಟ್ಟುವಿಕೆಗಳು ಪ್ರಾರಂಭದ ಅರ್ಧ ಗಂಟೆಯಲ್ಲಿ ಹೆಚ್ಚಾಗಿದ್ದು, ನಡುನಡುವೆ ವಿರಾಮ ಬಂದು ಮತ್ತೆ ಏಳುತ್ತವೆ.

ಪ್ರತಿಯೊಂದು ಸಣ್ಣ ಜಗಳಕ್ಕೂ ಪ್ರಾಣಿಗಳನ್ನು ಬೇರ್ಪಡಿಸುವುದು ಸಾಕುವವರು ಸಾಮಾನ್ಯವಾಗಿ ಮಾಡುವ ತಪ್ಪು. ಮೇಲುಕೀಳು ನಿರ್ಧಾರವಾಗುವ ಮೊದಲೇ ಬೇರ್ಪಡಿಸಿದರೆ ಮುಂದಿನ ಭೇಟಿಯಲ್ಲಿ ಅವು ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕಾಗುತ್ತದೆ. ಆದುದರಿಂದ ರಕ್ತ ಬರುವಂತಹ ಕಾದಾಟದ ಹೊರತು ಬೇರೆ ಸಂದರ್ಭಗಳಲ್ಲಿ ಮಧ್ಯ ಪ್ರವೇಶಿಸದಿರುವುದು ಸೂಕ್ತ.

### ಗೂಡಿಗೆ ವರ್ಗಾವಣೆ

ಎರಡೂ ಪ್ರಾಣಿಗಳು ಒಂದರ ಸಮೀಪ ಇನ್ನೊಂದು ಮಲಗಿ ವಿಶ್ರಮಿಸಿದ ಅಥವಾ ಒಟ್ಟಿಗೆ ಹುಲ್ಲು ತಿಂದ ನಂತರ ಅವುಗಳನ್ನು ಗೂಡಿಗೆ ಸೇರಿಸಬಹುದು. ಅದಕ್ಕೆ ಮೊದಲು ಗೂಡನ್ನು ಸಂಪೂರ್ಣವಾಗಿ ತೊಳೆದು, ಹಳೆಯ ಹಾಸನ್ನು ತೆಗೆದು, ಒಳಗಿನ ವಸ್ತುಗಳ ಸ್ಥಾನ ಬದಲಿಸಲಾಗುತ್ತದೆ. ಹಳೆಯ ಪ್ರಾಣಿಯ ಮೂತ್ರ ಮತ್ತು ಗ್ರಂಥಿಸ್ರಾವದ ವಾಸನೆ ಅಳಿದಾಗ ಗೂಡು ಎರಡಕ್ಕೂ ಸಮಾನವಾಗಿ ಹೊಸದಾಗುತ್ತದೆ. ನೀರಿನ ಬಾಟಲಿ, ತಟ್ಟೆ, ಹುಲ್ಲಿನ ರಾಶಿ, ಅಡಗುತಾಣ ಎಲ್ಲವೂ ಕನಿಷ್ಠ ಎರಡೆರಡು ಇದ್ದು, ಪರಸ್ಪರ ದೂರದಲ್ಲಿರಬೇಕು. ಎರಡು ಪ್ರಾಣಿಗಳಿಗೆ ಕನಿಷ್ಠ 7.5 ಚದರ ಅಡಿಯಷ್ಟು ನೆಲವಿಸ್ತೀರ್ಣವನ್ನು ಸಾಮಾನ್ಯವಾಗಿ ಸೂಚಿಸಲಾಗುತ್ತದೆ; ಗಂಡುಗಳಿಗೆ ಇದಕ್ಕಿಂತ ಹೆಚ್ಚಿನ ಸ್ಥಳ ಅಗತ್ಯ. ಗಿನಿಪಿಗ್‌ಗಳು ಹತ್ತುವ ಪ್ರಾಣಿಗಳಲ್ಲದ ಕಾರಣ ಮೇಲಂತಸ್ತಿನ ಎತ್ತರವು ನೆಲದ ವಿಸ್ತಾರಕ್ಕೆ ಪರ್ಯಾಯವಾಗುವುದಿಲ್ಲ.

## ವರ್ತನೆಗಳ ಅರ್ಥ

ಪರಿಚಯದ ಸಮಯದಲ್ಲಿ ಕಾಣುವ ವರ್ತನೆಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

### ಸಹಜ ವರ್ತನೆಗಳು

* ಪರಸ್ಪರ ಮೂಗು ಮತ್ತು ಹಿಂಭಾಗವನ್ನು ಮೂಸುವುದು.
* ಸೊಂಟವನ್ನು ಅತ್ತಿತ್ತ ತೂಗಾಡಿಸುತ್ತ, ಗಂಟಲಿನಿಂದ ಆಳವಾದ ಗುರುಗುರು ಸದ್ದು ಮಾಡುತ್ತ ನಿಧಾನವಾಗಿ ಸುತ್ತುವುದು. ಗಂಡಿನ ಪ್ರಣಯ ಪ್ರದರ್ಶನವಾದ ಇದನ್ನು ಯಜಮಾನಿಕೆ ತೋರಲು ಹೆಣ್ಣುಗಳೂ ಬಳಸುತ್ತವೆ.
* ಅಟ್ಟಿಸಿಕೊಂಡು ಹೋಗುವುದು ಮತ್ತು ಮೇಲೇರುವುದು. ಲಿಂಗಭೇದವಿಲ್ಲದೆ ಕಂಡುಬರುತ್ತದೆ.
* ಹಿಂಭಾಗವನ್ನು ನೆಲಕ್ಕೆ ಉಜ್ಜಿ ವಾಸನೆಯ ಗುರುತು ಹಾಕುವುದು.
* ಇಷ್ಟವಿಲ್ಲದ ಗಂಡಿನ ಕಡೆಗೆ ಹೆಣ್ಣು ಮೂತ್ರ ಚಿಮ್ಮಿಸುವುದು.
* ಕೆಳಗಿನ ಸ್ಥಾನದ ಪ್ರಾಣಿಯು ಕೀರಲು ದನಿಯಲ್ಲಿ ಕೂಗುವುದು. ಇದು ನೋವಿನ ಕೂಗಿನಂತೆ ಕೇಳಿದರೂ ಬಹುತೇಕ ಶರಣಾಗತಿಯ ಸೂಚನೆಯಾಗಿರುತ್ತದೆ.

### ಎಚ್ಚರಿಕೆಯ ವರ್ತನೆಗಳು

* ಹಲ್ಲುಗಳನ್ನು ಕಟಕಟನೆ ಸತತವಾಗಿ ಕಡಿಯುವುದು.
* ಎದುರುಬದುರು ನಿಂತು ಮೂಗನ್ನು ಮೇಲಕ್ಕೆತ್ತಿ ಪೈಪೋಟಿ ನಡೆಸುವುದು. ಒಂದು ತಲೆ ತಗ್ಗಿಸಿದರೆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ.
* ಬಾಯಿ ತೆರೆದು ಬಾಚಿಹಲ್ಲು ತೋರುವುದು. ನೋಡುವವರಿಗೆ ಆಕಳಿಕೆಯಂತೆ ಕಾಣುತ್ತದೆ.
* ಕತ್ತಿನ ಹಿಂಭಾಗದ ಕೂದಲು ನಿಮಿರುವುದು.
* ಕಚ್ಚದೆ ಮುಂದಕ್ಕೆ ಹಾರಿ ಹೆದರಿಸುವುದು, ಕೂದಲು ಕಿತ್ತು ಬರುವಂತೆ ಚಿವುಟುವುದು.

### ಅಪಾಯದ ವರ್ತನೆಗಳು

* ಗುರಿಯಿಟ್ಟು, ಆಳವಾಗಿ, ರಕ್ತ ಬರುವಂತೆ ಕಚ್ಚುವುದು.
* ಎರಡೂ ಪ್ರಾಣಿಗಳು ಒಂದನ್ನೊಂದು ಕಚ್ಚಿ ಹಿಡಿದು ಚೆಂಡಿನಂತೆ ಉರುಳಾಡುವುದು.
* ಒಂದು ಪ್ರಾಣಿಯು ಬಿಡುವಿಲ್ಲದೆ ಬೆನ್ನಟ್ಟುತ್ತಿದ್ದು, ಇನ್ನೊಂದಕ್ಕೆ ಆಹಾರ, ನೀರು ಅಥವಾ ವಿಶ್ರಾಂತಿ ದೊರೆಯದಿರುವುದು.

ಮೊದಲ ಎರಡು ಗುಂಪುಗಳ ವರ್ತನೆಗಳು ಕಂಡಾಗ ನಿಗಾ ಇಟ್ಟರೆ ಸಾಕು. ಮೂರನೆಯ ಗುಂಪಿನದು ಕಂಡಾಗ ಕೂಡಲೇ ಬೇರ್ಪಡಿಸಬೇಕು.

## ಕಾದಾಟ ಮತ್ತು ಗಾಯಗಳ ನಿರ್ವಹಣೆ

ಕಾದಾಡುತ್ತಿರುವ ಗಿನಿಪಿಗ್‌ಗಳ ನಡುವೆ ಬರಿಗೈ ಹಾಕಬಾರದು. ಸೌಮ್ಯ ಸ್ವಭಾವದ ಪ್ರಾಣಿಯೂ ಆ ಕ್ಷಣದಲ್ಲಿ ಆಳವಾಗಿ ಕಚ್ಚುತ್ತದೆ. ದಪ್ಪ ಟವೆಲ್ಅನ್ನು ಅವುಗಳ ಮೇಲೆ ಎಸೆಯುವುದು ಅಥವಾ ಗಟ್ಟಿ ರಟ್ಟಿನ ಹಲಗೆಯನ್ನು ಮಧ್ಯೆ ಇಳಿಸುವುದು ಸುರಕ್ಷಿತ ವಿಧಾನಗಳು.

ದಟ್ಟ ಕೂದಲಿನ ಕಾರಣ ಕಚ್ಚಿದ ಗಾಯಗಳು ಸುಲಭವಾಗಿ ಕಾಣುವುದಿಲ್ಲ. ತುಟಿ, ಕಿವಿ, ಬೆನ್ನು ಮತ್ತು ಜನನಾಂಗದ ಸುತ್ತಲಿನ ಕೂದಲನ್ನು ಸರಿಸಿ ಪರೀಕ್ಷಿಸಬೇಕಾಗುತ್ತದೆ. ಹೊರಗೆ ಸಣ್ಣದಾಗಿ ಕಾಣುವ ಗಾಯವು ಮುಚ್ಚಿಕೊಂಡು ಒಳಗೆ ಕೀವುಗಟ್ಟಬಹುದು. ಮನೆಯಲ್ಲಿರುವ ಮನುಷ್ಯರ ಔಷಧಗಳನ್ನು ಕೊಡುವುದು ಅತ್ಯಂತ ಅಪಾಯಕರ: ಪೆನಿಸಿಲಿನ್, ಅಮಾಕ್ಸಿಸಿಲಿನ್ ಮುಂತಾದ ಪ್ರತಿಜೀವಕಗಳನ್ನು ಬಾಯಿಯ ಮೂಲಕ ನೀಡಿದರೆ ಗಿನಿಪಿಗ್‌ನ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಗಳು ನಾಶವಾಗಿ, ವಿಷಕಾರಿ ಬ್ಯಾಕ್ಟೀರಿಯಗಳು ಹೆಚ್ಚಿ ಸಾವು ಸಂಭವಿಸಬಹುದು. ಚಿಕಿತ್ಸೆಯು ಪಶುವೈದ್ಯರಿಂದಲೇ ಆಗಬೇಕು.

## ಒಗ್ಗೂಡಿದ ನಂತರ

ಮೇಲುಕೀಳಿನ ನಿರ್ಧಾರವು ಕೆಲವು ದಿನಗಳಿಂದ ಎರಡು ವಾರಗಳವರೆಗೆ ನಡೆಯಬಹುದು. ಈ ಅವಧಿಯಲ್ಲಿ ಎರಡೂ ಪ್ರಾಣಿಗಳನ್ನು ಆಗಾಗ ತೂಗುವುದು ಮುಖ್ಯ. ಬೇಟೆಗೆ ಬಲಿಯಾಗುವ ಜೀವಿಯಾದ ಗಿನಿಪಿಗ್ ತನ್ನ ಅಸ್ವಸ್ಥತೆಯನ್ನು ಮರೆಮಾಚುತ್ತದೆ. ಗೂಡಿನಲ್ಲಿ ಆಹಾರ ಖಾಲಿಯಾಗುತ್ತಿದ್ದರೂ ಯಾವುದು ತಿನ್ನುತ್ತಿದೆ, ಯಾವುದು ಉಪವಾಸವಿದೆ ಎಂಬುದು ತೂಕದಿಂದಷ್ಟೇ ತಿಳಿಯುತ್ತದೆ. ಇದರ ಜೀರ್ಣಾಂಗವು ನಿರಂತರವಾಗಿ ನಾರಿನ ಆಹಾರವನ್ನು ಬೇಡುವುದರಿಂದ, ಒಂದು ದಿನದಷ್ಟು ಕಾಲ ತಿನ್ನದಿದ್ದರೂ ಅದು ತುರ್ತುಸ್ಥಿತಿಯೇ ಸರಿ. ಅಂತೆಯೇ ಗಿನಿಪಿಗ್ ತನ್ನ ದೇಹದಲ್ಲಿ ಸಿ ಜೀವಸತ್ವವನ್ನು ಉತ್ಪಾದಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಈ ಪ್ರಾಣಿಯಲ್ಲಿಯೇ ಸ್ಕರ್ವಿ ರೋಗವನ್ನು ಪ್ರಾಯೋಗಿಕವಾಗಿ ತೋರಿಸಿಕೊಟ್ಟರು. ಬಲಶಾಲಿ ಪ್ರಾಣಿಯು ತಾಜಾ ಸೊಪ್ಪು ತರಕಾರಿಗಳನ್ನೆಲ್ಲ ತಾನೇ ತಿಂದರೆ ಇನ್ನೊಂದಕ್ಕೆ ಈ ಕೊರತೆ ಉಂಟಾಗಬಹುದು.

ಒಟ್ಟಿಗೆ ಹುಲ್ಲು ಮೇಯುವುದು, ಪಕ್ಕಪಕ್ಕದಲ್ಲಿ ಕಾಲು ಚಾಚಿ ಮಲಗುವುದು, ಒಂದರ ಹಿಂದೆ ಒಂದು ಸಾಲಾಗಿ ನಡೆಯುವುದು ಮತ್ತು ನಿಂತಲ್ಲಿಯೇ ಹುರಿದ ಜೋಳದಂತೆ ಮೇಲಕ್ಕೆ ಚಿಮ್ಮುವುದು ಯಶಸ್ವಿ ಒಗ್ಗೂಡಿಕೆಯ ಲಕ್ಷಣಗಳು. ಬೆಕ್ಕು ನಾಯಿಗಳಂತೆ ಗಿನಿಪಿಗ್‌ಗಳು ಸದಾ ಮೈಗೆ ಮೈ ತಾಗಿಸಿ ಮಲಗುವುದಿಲ್ಲ. ಒಂದಿಷ್ಟು ಅಂತರವಿಟ್ಟು ನೆಮ್ಮದಿಯಿಂದಿರುವುದೂ ಬಾಂಧವ್ಯವೇ.

ಬಹುಕಾಲ ಹೊಂದಿಕೊಂಡಿದ್ದ ಜೋಡಿಯು ಇದ್ದಕ್ಕಿದ್ದಂತೆ ಜಗಳವಾಡತೊಡಗಿದರೆ ಮೊದಲು ಕಾಯಿಲೆಯನ್ನು ಶಂಕಿಸಬೇಕು. ಹಲ್ಲುನೋವು, ಮೂತ್ರಕೋಶದ ಕಲ್ಲು ಮುಂತಾದವುಗಳ ನೋವಿನಿಂದ ಪ್ರಾಣಿಯ ವರ್ತನೆ ಬದಲಾಗುತ್ತದೆ. ಒಂದನ್ನು ಚಿಕಿತ್ಸೆಗೆ ಕೊಂಡೊಯ್ಯುವಾಗ ಸಂಗಾತಿಯನ್ನೂ ಜೊತೆಗೆ ಒಯ್ದರೆ ಒತ್ತಡ ಕಡಿಮೆಯಾಗುವುದಲ್ಲದೆ, ಬೇರೆ ವಾಸನೆಯ ಕಾರಣದಿಂದ ಹಿಂದಿರುಗಿದಾಗ ಜಗಳವಾಗುವುದೂ ತಪ್ಪುತ್ತದೆ.

## ವಿಫಲವಾದಾಗ

ಎಲ್ಲ ಜೋಡಿಗಳೂ ಒಗ್ಗೂಡುವುದಿಲ್ಲ. ಪುನಃಪುನಃ ರಕ್ತ ಬರುವಂತೆ ಕಾದಾಡುವ ಪ್ರಾಣಿಗಳನ್ನು ಒತ್ತಾಯದಿಂದ ಸೇರಿಸುವುದು ಕ್ರೌರ್ಯವಾಗುತ್ತದೆ. ಅಂತಹ ಸಂದರ್ಭದಲ್ಲಿ ಗೂಡಿನ ನಡುವೆ ತಂತಿಜಾಲರಿಯ ಗೋಡೆ ಹಾಕಿ, ಅವು ಪರಸ್ಪರ ನೋಡುತ್ತ, ಕೇಳುತ್ತ, ಮೂಸುತ್ತ ಅಕ್ಕಪಕ್ಕದಲ್ಲಿ ಇರುವಂತೆ ಮಾಡಬಹುದು. ಇದು ಪೂರ್ಣ ಸಾಹಚರ್ಯಕ್ಕೆ ಸಮವಲ್ಲವಾದರೂ ಸಂಪೂರ್ಣ ಒಂಟಿತನಕ್ಕಿಂತ ಮೇಲು. ಎರಡು ಗಂಡುಗಳು ಹೊಂದಿಕೊಳ್ಳದಿದ್ದಾಗ, ಎರಡಕ್ಕೂ ಸಂತಾನಹರಣ ಮಾಡಿಸಿ ಪ್ರತಿಯೊಂದಕ್ಕೂ ಬೇರೆ ಗೂಡಿನಲ್ಲಿ ಹೆಣ್ಣು ಸಂಗಾತಿಯನ್ನು ಒದಗಿಸುವುದು ಇನ್ನೊಂದು ಮಾರ್ಗ. ಹೊಸ ಪ್ರಾಣಿಯನ್ನು ತರುವ ಮೊದಲೇ, ಹೊಂದಾಣಿಕೆಯಾಗದಿದ್ದರೆ ಅದನ್ನು ಹಿಂದಿರುಗಿಸಬಹುದೇ ಅಥವಾ ಎರಡನೆಯ ಗೂಡಿಗೆ ಮನೆಯಲ್ಲಿ ಸ್ಥಳವಿದೆಯೇ ಎಂಬುದನ್ನು ಯೋಚಿಸಿರುವುದು ಅವಶ್ಯಕ.

## ಭಿನ್ನಾಭಿಪ್ರಾಯಗಳು

ಕೆಲವು ರೂಢಿಗತ ವಿಧಾನಗಳ ಬಗ್ಗೆ ಸಾಕುವವರಲ್ಲಿ ಒಮ್ಮತವಿಲ್ಲ.

* ಒಟ್ಟಿಗೆ ಸ್ನಾನ: ಎರಡಕ್ಕೂ ಒಂದೇ ವಾಸನೆ ಬರಲೆಂದು ಒಟ್ಟಿಗೆ ಸ್ನಾನ ಮಾಡಿಸುವುದುಂಟು. ಸ್ನಾನದಿಂದ ಗಿನಿಪಿಗ್ ತೀವ್ರ ಭಯಕ್ಕೆ ಒಳಗಾಗುತ್ತದೆ ಮತ್ತು ಒದ್ದೆಯಾದ ಮೈಗೆ ಶೀತ ತಗಲುತ್ತದೆ. ಭಯದಿಂದ ಒಂದಕ್ಕೊಂದು ಆತುಕೊಳ್ಳುವುದನ್ನು ಸ್ನೇಹವೆಂದು ಭಾವಿಸಲಾಗದು ಎಂಬುದು ವಿರೋಧಿಗಳ ವಾದ.
* ಸುಗಂಧದ್ರವ್ಯ ಸವರುವುದು: ಗಿನಿಪಿಗ್‌ಗಳು ವಾಸನೆಯಿಂದಲೇ ಪರಸ್ಪರ ಗುರುತಿಸುವುದರಿಂದ, ಅದನ್ನು ಮರೆಮಾಚಿದರೆ ಪರಿಚಯವು ವಿಳಂಬವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ ಎನ್ನಲಾಗುತ್ತದೆ.
* ಜಾಲರಿಯ ಮೂಲಕ ಪರಿಚಯ: ಭೇಟಿಗೆ ಮೊದಲು ಕೆಲವು ದಿನ ಜಾಲರಿಯ ಎರಡು ಬದಿಗಳಲ್ಲಿ ಇರಿಸುವುದನ್ನು ಅನೇಕರು ಒಪ್ಪುತ್ತಾರೆ. ಮುಟ್ಟಲಾಗದ ಎದುರಾಳಿಯನ್ನು ಸದಾ ಕಾಣುವುದರಿಂದ ಗಂಡುಗಳಲ್ಲಿ ಕೋಪ ಸಂಚಯವಾಗುತ್ತದೆಂದು ಇನ್ನು ಕೆಲವರು ಇದನ್ನು ವಿರೋಧಿಸುತ್ತಾರೆ.
* ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಕೂಡಿಹಾಕುವುದು: ತಪ್ಪಿಸಿಕೊಳ್ಳಲು ಜಾಗವಿಲ್ಲದ ಪ್ರಾಣಿ ಕಾದಾಡಲೇಬೇಕಾಗುವುದರಿಂದ ಇದನ್ನು ಅಪಾಯಕರವೆಂದು ಪರಿಗಣಿಸಲಾಗುತ್ತದೆ.

## ಇತರ ಪ್ರಾಣಿಗಳ ಸಾಹಚರ್ಯ

ಒಂಟಿ ಗಿನಿಪಿಗ್‌ಗೆ ಮೊಲವನ್ನು ಜೊತೆಗಾರನನ್ನಾಗಿ ತರುವ ಪದ್ಧತಿ ಹಿಂದಿನಿಂದಲೂ ಇದೆಯಾದರೂ ಇಂದು ಅದನ್ನು ಶಿಫಾರಸು ಮಾಡುವುದಿಲ್ಲ. ಮೊಲದ ಹಿಂಗಾಲಿನ ಒದೆತದಿಂದ ಗಿನಿಪಿಗ್‌ಗೆ ಮಾರಣಾಂತಿಕ ಗಾಯವಾಗಬಹುದು. ಮೊಲಗಳು ಯಾವುದೇ ಲಕ್ಷಣವಿಲ್ಲದೆ ಹೊತ್ತಿರುವ ಬೋರ್ಡೆಟೆಲ್ಲ ಬ್ಯಾಕ್ಟೀರಿಯವು ಗಿನಿಪಿಗ್‌ನಲ್ಲಿ ನ್ಯುಮೋನಿಯ ಉಂಟುಮಾಡುತ್ತದೆ. ಎರಡರ ಆಹಾರದ ಅಗತ್ಯಗಳೂ ಭಿನ್ನ. ಮೊಲದ ಸಿದ್ಧ ಆಹಾರದಲ್ಲಿ ಸಾಮಾನ್ಯವಾಗಿ ಸಿ ಜೀವಸತ್ವವನ್ನು ಸೇರಿಸಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸದಾ ಸದ್ದಿನ ಮೂಲಕ ಸಂವಹನ ನಡೆಸುವ ಗಿನಿಪಿಗ್‌ನ ಕೂಗಿಗೆ ಬಹುಮಟ್ಟಿಗೆ ಮೌನಿಯಾದ ಮೊಲದಿಂದ ಉತ್ತರ ದೊರೆಯುವುದಿಲ್ಲ.

ಮನುಷ್ಯರ ಒಡನಾಟವೂ ಇದಕ್ಕೆ ಬದಲಿಯಲ್ಲ. ಫ್ರಿಜ್ ತೆರೆದ ಸದ್ದಿಗೆ ಕೂಗಿ ಸ್ವಾಗತಿಸುವಷ್ಟು ಸಲುಗೆ ಬೆಳೆದರೂ ಗಿನಿಪಿಗ್ ಹಗಲು ರಾತ್ರಿಯೆನ್ನದೆ ಸಣ್ಣ ಸಣ್ಣ ಅವಧಿಗಳಲ್ಲಿ ಎಚ್ಚರವಾಗಿರುವ ಪ್ರಾಣಿ. ಆ ಹೊತ್ತಿನ ಬಹುಪಾಲು ಸಮಯದಲ್ಲಿ ಅದರ ಬಳಿ ಇರಬಲ್ಲದ್ದು ಇನ್ನೊಂದು ಗಿನಿಪಿಗ್ ಮಾತ್ರ.

## ಇವನ್ನೂ ನೋಡಿ

* ಗಿನಿಪಿಗ್
* ದಂಶಕ
* ಸಾಕುಪ್ರಾಣಿ
* ಪ್ರಾಣಿವರ್ತನಾ ವಿಜ್ಞಾನ
* ಸ್ಕರ್ವಿ